ಮಂಗಳೂರಿನ ಮನೆವಾರ್ತೆಯಲ್ಲಿ ಪ್ರಾಣಿ, ವ್ಯಾಧಿ ಮತ್ತು ವಿನೋದ

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ರಾಜರ ವಂಶಾವಳಿಯ ಕಡೆಗೂ ಯುದ್ಧಗಳ ತೇದಿಗಳ ಕಡೆಗೂ ಓಡುವುದು ಸಹಜವಾಗಿದೆ. ಮಂಗಳೂರಿನ ಚರಿತ್ರೆಯನ್ನು ಬರೆಯಹೊರಟವರು ಆಳುಪರನ್ನೂ, ವಿಜಯನಗರದ ಅಧಿಕಾರಿಗಳನ್ನೂ, ಪೋರ್ತುಗೀಸರನ್ನೂ, ಕೆಳದಿಯ ನಾಯಕರನ್ನೂ, ಟಿಪ್ಪು ಸುಲ್ತಾನನನ್ನೂ, ಕಂಪನಿ ಸರಕಾರವನ್ನೂ ಕ್ರಮವಾಗಿ ವರ್ಣಿಸಿ ಲೇಖನಿಯನ್ನು ಕೆಳಗಿಡುವರು. ಅವರ ಶ್ರಮವು ಸಾರ್ಥಕವಾದುದೇ. ಆದರೆ ಆ ಕಾಲಗಳಲ್ಲೆಲ್ಲ ಈ ಪಟ್ಟಣದ ಮನೆಗಳಲ್ಲಿ ಹಟ್ಟಿಯ ಹಸುವಿಗೆ ಹುಲ್ಲು ಹಾಕಿದವರೂ, ಅಂಗಳದ ನಾಯಿಗೆ ಅನ್ನವಿಟ್ಟವರೂ, ಚಳಿಜ್ವರದಿಂದ ನಡುಗುತ್ತ ಕಂಬಳಿ ಹೊದೆದು ಮಲಗಿದವರೂ, ಕೊಯ್ಲು ಮುಗಿದ ಮೇಲೆ ಕೋಳಿಯಂಕಕ್ಕೋ ಕಂಬಳಕ್ಕೋ ಬಯಲಾಟಕ್ಕೋ ಹೊರಟವರೂ ಇದ್ದರಷ್ಟೆ. ಅವರ ವೃತ್ತಾಂತಕ್ಕೂ ಚರಿತ್ರೆಯೆಂಬ ಹೆಸರು ಸಲ್ಲಬೇಕು.

ಈ ಲೇಖನದಲ್ಲಿ ನಾನು ಪ್ರತಿಪಾದಿಸಲಿಚ್ಛಿಸುವ ಸಂಗತಿ ಒಂದೇ. ಸಾಕುಪ್ರಾಣಿ, ವ್ಯಾಧಿ, ವಿನೋದ ಎಂಬ ಈ ಮೂರನ್ನು ನಾವು ಬೇರೆ ಬೇರೆಯೆಂದು ಎಣಿಸಿದರೂ ಇವು ಮನೆಯೊಳಗೆ ಬರುವ ಬಾಗಿಲು ಒಂದೇ ಆಗಿದೆ. ನಮ್ಮ ಹಿರಿಯರು ಇವನ್ನು ಒಟ್ಟಾಗಿಯೇ ನೋಡುತ್ತಿದ್ದರು. ನಾವು ಬೇರ್ಪಡಿಸಿದೆವು. ಹಾಗೆ ಬೇರ್ಪಡಿಸಿದುದರಿಂದ ಆದ ನಷ್ಟವೇನೆಂಬುದನ್ನು ಸ್ವಾನುಭವದ ಒಂದು ಪ್ರಸಂಗದಿಂದ ಮುಂದೆ ಹೇಳುವೆನು.

ಮೊದಲು ಗ್ರಂಥಗಳ ಸಾಕ್ಷ್ಯವನ್ನು ನೋಡೋಣ. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನೆಂಬ ಅರಸನು ಕ್ರಿ. ಶ. 1130ರ ಸುಮಾರಿನಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ವಿನೋದಗಳಿಗೆಂದೇ ಮೀಸಲಾದ ಒಂದು ವಿಂಶತಿಯುಂಟು. ಕೋಳಿಕಾಳಗ, ಟಗರುಕಾಳಗ, ಕೋಣಗಳ ಕಾಳಗ, ಪಾರಿವಾಳ, ಬೇಟೆನಾಯಿ, ಗಿಡುಗ, ಮೀನುಹಿಡಿಯುವಿಕೆ ಮುಂತಾದವುಗಳು ಅಲ್ಲಿ ಒಂದೊಂದು ವಿನೋದವಾಗಿ ವಿವರಿಸಲ್ಪಟ್ಟಿವೆ. ವಿನೋದವೆಂದರೆ ಪ್ರಾಣಿಯನ್ನು ಅರಿಯುವ ವಿದ್ಯೆಯೂ ಹೌದೆಂಬುದು ಆ ಅರಸನ ಭಾವ. ಅದೇ ಮನೆತನದ ಕೀರ್ತಿವರ್ಮನು ಸುಮಾರು ಅದೇ ಕಾಲದಲ್ಲಿ ಕನ್ನಡದಲ್ಲಿಯೇ ‘ಗೋವೈದ್ಯ’ವನ್ನು ಬರೆದನು. ಅರಸುಮಗನೊಬ್ಬನು ಹಸುವಿನ ರೋಗಗಳ ಮೇಲೆ ಗ್ರಂಥ ಬರೆಯುವುದು ಅಂದಿನವರಿಗೆ ಕೀಳಾಗಿ ತೋರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮುಂದೆ ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡಿಗರಿಗೆ ಕೊಟ್ಟನು.

ಇವೆಲ್ಲಕ್ಕಿಂತ ಬಹು ಪ್ರಾಚೀನವಾದ ಸುಶ್ರುತಸಂಹಿತೆಯ ಕಲ್ಪಸ್ಥಾನದ ಏಳನೆಯ ಅಧ್ಯಾಯವು ಇಲಿಯ ವಿಷವನ್ನು ಹೇಳಲು ತೊಡಗಿ, ಅಲ್ಲಿಯೇ ಹುಚ್ಚುನಾಯಿಯ ವಿಷವನ್ನೂ ಹೇಳುವುದು. ಬಾಲವನ್ನೂ ದವಡೆಯನ್ನೂ ಹೆಗಲನ್ನೂ ಜೋಲುಬಿಟ್ಟು, ಜೊಲ್ಲು ಸುರಿಸುತ್ತ, ಕಂಡಕಂಡವರ ಮೇಲೆ ಎರಗುವ ನಾಯಿಯ ಚಿತ್ರವು ಅಲ್ಲಿ ಕಣ್ಣಿಗೆ ಕಟ್ಟುವಂತಿದೆ. ಕಚ್ಚಿದ ಕೂಡಲೆ ಗಾಯದ ರಕ್ತವನ್ನು ಹೊರಹೋಗಿಸಿ ಕಾಯಿಸಿದ ತುಪ್ಪದಿಂದ ಸುಡಬೇಕೆಂದೂ, ಕಚ್ಚಿಸಿಕೊಂಡವನು ನೀರನ್ನು ಕಂಡು ಬೆದರುವ ‘ಜಲತ್ರಾಸ’ವು ತೋರಿದರೆ ಅವನು ಬದುಕುವ ಆಸೆಯಿಲ್ಲವೆಂದೂ ಆಚಾರ್ಯನು ನಿಷ್ಕರ್ಷೆಯಾಗಿ ನುಡಿದಿರುವನು. ಈ ಮಾತಿನ ಎರಡನೆಯ ಭಾಗವು ಇಂದಿಗೂ ಬಹುಮಟ್ಟಿಗೆ ನಿಜವಾಗಿಯೇ ಉಳಿದಿದೆ. ಲಕ್ಷಣಗಳು ತೋರಿದ ಬಳಿಕ ಬದುಕಿದವರು ಲೋಕದಲ್ಲೆಲ್ಲ ಬೆರಳೆಣಿಕೆಯವರು ಮಾತ್ರ.

ಇನ್ನು ನಮ್ಮ ಪಟ್ಟಣಕ್ಕೆ ಬರೋಣ. ಹಿಂದಿನ ಮಂಗಳೂರು ತೆಂಗಿನ ತೋಟಗಳ ನಡುವೆ ಬಿಡಿಬಿಡಿಯಾಗಿ ಹರಡಿದ ಹಿತ್ತಲುಗಳ ಊರು. ಒಂದೊಂದು ಹಿತ್ತಲಿಗೂ ಒಂದು ಬಾವಿ, ಒಂದು ಹಟ್ಟಿ, ಒಂದು ತುಳಸಿಕಟ್ಟೆ ಇರುತ್ತಿದ್ದವು. ಹಸುವು ಹಾಲಿಗೆ, ನಾಯಿಯು ಕಾವಲಿಗೆ, ಬೆಕ್ಕು ಅಕ್ಕಿಮುಡಿಗಳನ್ನು ಇಲಿಗಳಿಂದ ಕಾಯುವುದಕ್ಕೆ ಎಂದು ಪ್ರತಿಯೊಂದಕ್ಕೂ ಉದ್ಯೋಗವಿದ್ದಿತು. ಕೆಲವು ಮನೆಗಳ ಜಗಲಿಯಲ್ಲಿ ಪಂಜರದ ಗಿಳಿಯೂ ಇರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ನಮ್ಮ ಕಾಡಿನ ಗಿಳಿಯನ್ನು ಹಾಗೆ ಸಾಕುವುದು ಅಪರಾಧವಾಯಿತು.

ಕೋಳಿಯಂಕದ ಹವ್ಯಾಸವುಳ್ಳವರು ಹುಂಜವನ್ನು ಬಣ್ಣಗಳಿಂದ ವಿಂಗಡಿಸಿ, ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಗೆಲವೆಂಬುದನ್ನು ಕುಕ್ಕುಟ ಪಂಚಾಂಗದಲ್ಲಿ ನೋಡಿ ಹೊರಡುತ್ತಿದ್ದರು. ಹುಂಜಕ್ಕೂ ಪಂಚಾಂಗವುಂಟೇ ಎಂದು ಪರಸ್ಥಳದವರು ನಗಬಹುದು. ಆದರೆ ಆ ಹುಂಜಕ್ಕೆ ಆಗುತ್ತಿದ್ದ ಆರೈಕೆಯನ್ನು ಮನೆಯ ಮಕ್ಕಳೂ ಕೆಲವೊಮ್ಮೆ ಕಾಣುತ್ತಿರಲಿಲ್ಲ. ಕಂಬಳದ ಕೋಣಗಳ ವಿಷಯವೂ ಹಾಗೆಯೇ. ಹುರುಳಿ ಬೇಯಿಸಿಕ್ಕಿ, ಎಣ್ಣೆ ತಿಕ್ಕಿ, ಮೀಯಿಸಿ ಅವನ್ನು ಸಾಕುವವರು ಲಾಭಕ್ಕಾಗಿ ಹಾಗೆ ಮಾಡುವರೆಂದು ಯಾರೂ ಹೇಳಲಾರರು. 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯು ಪ್ರಾಣಿಗಳನ್ನು ಕಾದಾಡಿಸುವುದನ್ನು ತಡೆಯಿತು. ಕಂಬಳವು ಮಾತ್ರ 2014ರಿಂದ ಅನೇಕ ವರ್ಷ ವ್ಯವಹಾರಕ್ಕೆ ಒಳಗಾಗಿ, 2017ರಲ್ಲಿ ಕರ್ನಾಟಕವು ತಂದ ತಿದ್ದುಪಡಿಯನ್ನು 2023ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದ ಮೇಲೆ ನಿಯಮಗಳೊಡನೆ ಉಳಿದುಕೊಂಡಿತು. ವಿನೋದದಲ್ಲಿ ಪ್ರಾಣಿಯ ನೋವನ್ನೂ ಲೆಕ್ಕಿಸಬೇಕೆಂಬ ವಿವೇಕವು ಹೀಗೆ ನಿಧಾನವಾಗಿ ಬಂದಿತು.

ಆಟಿ ತಿಂಗಳ ಆಚಾರವೊಂದರಲ್ಲಿ ಈ ಮೂರು ವಿಷಯಗಳೂ ಕೂಡಿರುವುದನ್ನು ಕಾಣಬಹುದು. ಎಡೆಬಿಡದೆ ಮಳೆ ಸುರಿಯುವ ಆ ತಿಂಗಳಲ್ಲಿ ಆಟಿ ಕಳೆಂಜನು ತೆಂಗಿನ ಎಳೆಗರಿಯನ್ನು ಉಟ್ಟು ಓಲೆಯ ಕೊಡೆ ಹಿಡಿದು ಮನೆಮನೆಗೆ ಬಂದು ಕುಣಿಯುವನು. ಮಕ್ಕಳಿಗೆ ಅದೊಂದು ವಿನೋದ. ಅವನು ಕಳೆಯಬಂದುದು ಮಾರಿಯನ್ನು, ಅಂದರೆ ಮನುಷ್ಯರ ರೋಗವನ್ನೂ ದನಕರುಗಳ ರೋಗವನ್ನೂ ಬೆಳೆಯ ಕೇಡನ್ನೂ. ಅದೇ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುನ್ನ ಹಾಲೆಯ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಅದರ ಕಹಿ ಕಷಾಯವನ್ನು ಮನೆಯವರೆಲ್ಲ ಕುಡಿಯುವರು. ತುಳುವಿನಲ್ಲಿ ಇದು ಪಾಲೆ, ಸಂಸ್ಕೃತದಲ್ಲಿ ಸಪ್ತಪರ್ಣ. ವೈದ್ಯಗ್ರಂಥಗಳಲ್ಲಿ ಜ್ವರಹರವೆಂದು ಇದಕ್ಕೆ ಪ್ರಸಿದ್ಧಿಯಿದೆ. ಕತ್ತಲೆಯಲ್ಲಿ ಮರವನ್ನು ತಪ್ಪಾಗಿ ಗುರುತಿಸಿ ವಿಷದ ಮರದ ತೊಗಟೆಯನ್ನು ತಂದು ಪ್ರಾಣಾಪಾಯಕ್ಕೆ ಒಳಗಾದವರೂ ಉಂಟಾದುದರಿಂದ, ಅರಿತವರು ಹಗಲಿನಲ್ಲಿಯೇ ಮರವನ್ನು ಗುರುತಿಸಿಟ್ಟುಕೊಳ್ಳುವರು. ಆಚಾರವು ಒಳ್ಳೆಯದಾದರೂ ಕಣ್ಣು ತೆರೆದೇ ಆಚರಿಸಬೇಕೆಂಬುದಕ್ಕೆ ಇದೇ ನಿದರ್ಶನ.

ಬೆಕ್ಕಿನ ವಿಷಯದಲ್ಲಿ ಎರಡು ಮಾತುಗಳನ್ನು ಹೇಳಬೇಕಾಗಿದೆ. 1623ರ ಡಿಸೆಂಬರದಲ್ಲಿ ಪಿಯೆತ್ರೊ ದೆಲ್ಲಾ ವಾಲೆಯೆಂಬ ಇಟಲಿಯ ಪ್ರವಾಸಿಯು ಇಕ್ಕೇರಿಯಿಂದ ಮಂಗಳೂರಿಗೆ ಇಳಿದು ಬಂದು ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿದನೆಂಬುದು ನಮ್ಮ ಜಿಲ್ಲೆಯ ಚರಿತ್ರೆಯನ್ನು ಬಲ್ಲವರಿಗೆ ತಿಳಿದೇ ಇದೆ. ಅದೇ ಮನುಷ್ಯನು ಮೂರು ವರ್ಷಗಳ ಹಿಂದೆ ಪಾರಸಿಕ ದೇಶದಲ್ಲಿ ನೀಳ ರೋಮದ ಬೆಕ್ಕುಗಳನ್ನು ಕಂಡು ಮೆಚ್ಚಿ, ಅವನ್ನು ರೋಮ್ ನಗರಕ್ಕೆ ಒಯ್ಯುವ ಬಯಕೆಯನ್ನು ತನ್ನ ಪತ್ರದಲ್ಲಿ ಬರೆದಿದ್ದನೆಂಬುದು ಅಷ್ಟಾಗಿ ತಿಳಿಯದ ಸಂಗತಿ. ಅವನಿಗೆ ಬೆಕ್ಕು ಶೃಂಗಾರದ ವಸ್ತುವಾಗಿದ್ದಿತು. ನಮ್ಮವರಿಗೆ ಅದು ಉಗ್ರಾಣದ ಕಾವಲುಗಾರ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತೋರಿ ಹಡಗಿನ ದಾರಿಯಲ್ಲಿಯೂ ರೈಲಿನ ದಾರಿಯಲ್ಲಿಯೂ ಹಬ್ಬತೊಡಗಿದಾಗ ಈ ಕಾವಲುಗಾರನ ಬೆಲೆ ಹೊರಪಟ್ಟಿತು. ಇಲಿಯ ಮೈಮೇಲಣ ಚಿಗಟವೇ ಪ್ಲೇಗನ್ನು ಒಯ್ಯುವುದೆಂದು 1898ರಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ತೋರಿಸಿಕೊಟ್ಟನು. ಮುಂದೆ ಆಂಡ್ರ್ಯೂ ಬುಕಾನನ್ ಎಂಬ ಸೈನ್ಯದ ವೈದ್ಯಾಧಿಕಾರಿಯು ಬೆಕ್ಕುಗಳು ಹೆಚ್ಚಾಗಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆಯೆಂದು ವಾದಿಸಿ, ಬೆಕ್ಕು ಸಾಕಿರೆಂದು ಜನರಿಗೆ ಬೋಧಿಸಿದನು. ಬೆಕ್ಕಿಗೂ ಪ್ಲೇಗು ತಾಗಬಲ್ಲುದೆಂದು ಈಗ ತಿಳಿದಿದೆ. ಆದುದರಿಂದ ಅವನ ಉಪದೇಶವು ಅರ್ಧ ಸರಿ, ಅರ್ಧ ಅಪಾಯಕರ. ಮಂಗಳೂರಿಗೂ ಪ್ಲೇಗು ಬಂದಾಗ, ಕಂಕನಾಡಿಯಲ್ಲಿ 1880ರಿಂದ ಬಡವರಿಗೆ ಹೋಮಿಯೋಪತಿ ಔಷಧ ಕೊಡುತ್ತ, 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿದ್ದ ಜರ್ಮನ್ ಪಾದ್ರಿ ಫಾದರ್ ಆಗಸ್ಟಸ್ ಮುಲ್ಲರರು 1902ರಲ್ಲಿ ಪ್ಲೇಗಿನ ರೋಗಿಗಳಿಗೂ ಬೇರೆ ಆಸ್ಪತ್ರೆಯನ್ನು ತೆರೆದರು.

ಹಸುವಿನ ಉಪಕಾರವನ್ನೂ ಇಲ್ಲಿಯೇ ಸ್ಮರಿಸುವುದು ಉಚಿತ. 1796ರಲ್ಲಿ ಇಂಗ್ಲೆಂಡಿನ ಜೆನ್ನರನು ಹಸುವಿನ ಮೈಲಿಯಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಕಂಡುಕೊಂಡನು. 1802ರಲ್ಲಿ ಆ ದಾಕು ಮುಂಬಯಿಗೆ ಬಂದಿತು. ನೂರಾರು ವರ್ಷ ಮಾರಿಯಮ್ಮನ ಗುಡಿಯ ಮುಂದೆ ತಾಯಂದಿರನ್ನು ಅಳಿಸಿದ ಆ ರೋಗವು 1975ರಲ್ಲಿ ಭಾರತದಿಂದ ತೊಲಗಿತು.

ಇನ್ನು ನಾಯಿಯ ವಿಷಯ. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರನು ಹುಚ್ಚುನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರನೆಂಬ 9 ವರ್ಷದ ಹುಡುಗನಿಗೆ ತನ್ನ ಚಿಕಿತ್ಸೆಯನ್ನು ಕೊಡಿಸಿ ಉಳಿಸಿದನು. ಭಾರತದಲ್ಲಿ ಈ ಚಿಕಿತ್ಸೆಗೆ ಮೊದಲನೆಯ ಸಂಸ್ಥೆಯು 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿ ಏರ್ಪಟ್ಟಿತು. ಮಂಗಳೂರಿನ ಗೃಹಸ್ಥನಿಗೆ ಅದು ಇದ್ದೂ ಇಲ್ಲದಂತೆಯೇ ಸರಿ. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆಯು ತೆರೆಯಲ್ಪಟ್ಟಿತು. ಹೆನ್ರಿ ಫಿಪ್ಸ್ ಎಂಬ ಅಮೇರಿಕದ ಧನಿಕನು ಕೊಟ್ಟ ದಾನದ ಒಂದು ಪಾಲು ಇದಕ್ಕೆ ಸಂದಿತು. ಅದೇ 1907ರಲ್ಲಿ ರೈಲುದಾರಿಯೂ ಮಂಗಳೂರನ್ನು ಮುಟ್ಟಿತು. ಆಗ ನಮ್ಮ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ, ಕಚ್ಚಿಸಿಕೊಂಡವರು ರೈಲಿನಲ್ಲಿ ಮೇಟ್ಟುಪಾಳಯಕ್ಕೂ ಅಲ್ಲಿಂದ ಬೆಟ್ಟದ ರೈಲಿನಲ್ಲಿ ಕೂನೂರಿಗೂ ಹೋಗುವಂತಾಯಿತು. ಸಮುದ್ರತೀರದ ಮಗುವಿನ ಪ್ರಾಣವು ನೀಲಗಿರಿಯ ತುದಿಯಲ್ಲಿ ನಿಂತಿದ್ದ ಕಾಲವದು.

1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲನು ಕುರಿಯ ಮೆದುಳಿನಿಂದ ತಯಾರಿಸುವ ಲಸಿಕೆಯನ್ನು ಬಳಕೆಗೆ ತಂದನು. ದೂರ ಪ್ರಯಾಣದ ಕಷ್ಟವು ಇದರಿಂದ ಕ್ರಮೇಣ ತಪ್ಪಿತು. ಆದರೆ ಬೇರೊಂದು ಕಷ್ಟವು ಹುಟ್ಟಿಕೊಂಡಿತು. ಹೊಟ್ಟೆಯ ಮೇಲೆ ದಿನಕ್ಕೊಂದರಂತೆ ಸಾಮಾನ್ಯವಾಗಿ 14 ಸೂಜಿಮದ್ದುಗಳನ್ನು ತೆಗೆದುಕೊಳ್ಳಬೇಕಾಗಿದ್ದಿತು. ಅಪರೂಪಕ್ಕೆ ಕೆಲವರಿಗೆ ಅದರಿಂದಲೇ ನರಗಳ ದೌರ್ಬಲ್ಯ ಬರುವುದೂ ಉಂಟಾಗಿತ್ತು. ಹೊಕ್ಕುಳ ಸುತ್ತಲೂ ಹದಿನಾಲ್ಕು ಸೂಜಿ ಎಂಬ ಮಾತು ಕರಾವಳಿಯ ಮಕ್ಕಳ ಬಾಯಲ್ಲಿ ಗುಮ್ಮನ ಕತೆಯಂತೆ ಹಬ್ಬಿತು.

ಮೇಲೆ ಸೂಚಿಸಿದ ಪ್ರಸಂಗವನ್ನು ಈಗ ಹೇಳುವೆನು. 1980ರ ದಶಕದ ಕೊನೆಯ ವರ್ಷಗಳು. ನಾನು ಅಧ್ಯಾಪಕ ವೃತ್ತಿಗೆ ಹೊಸಬ. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಓದಿನಲ್ಲಿ ಸಾಧಾರಣ, ಚಿತ್ರ ಬರೆಯುವುದರಲ್ಲಿ ಜಾಣ. ಮಳೆಗಾಲದಲ್ಲಿ ದಾರಿಯ ಬದಿಯಲ್ಲಿ ಸಿಕ್ಕಿದ ಒಂದು ನಾಯಿಮರಿಯನ್ನು ಮನೆಯವರಿಗೆ ತಿಳಿಯದಂತೆ ಸೌದೆಯ ಕೊಟ್ಟಿಗೆಯಲ್ಲಿ ಇಟ್ಟು ಸಾಕುತ್ತಿದ್ದನೆಂಬುದು ಅವನ ಪುಸ್ತಕದ ಅಂಚಿನ ಚಿತ್ರಗಳಿಂದ ತರಗತಿಗೆಲ್ಲ ತಿಳಿದಿದ್ದಿತು. ಒಂದು ದಿನ ಅವನು ಕೈಗೆ ಬಟ್ಟೆ ಸುತ್ತಿಕೊಂಡು ಬಂದನು. ಬರೆಹವೇಕೆ ಮುಗಿಯಲಿಲ್ಲವೆಂದು ನಾನು ಕೇಳಿದೆನು. “ಮುಳ್ಳು ತಾಗಿದ್ದು ಸಾರ್” ಎಂದನು. ನಾನು ಅಷ್ಟಕ್ಕೇ ತೃಪ್ತನಾಗಿ ಮುಂದಿನ ಹುಡುಗನ ಪುಸ್ತಕವನ್ನು ತೆಗೆದುಕೊಂಡೆನು. ಕೆಲವು ದಿನಗಳ ಮೇಲೆ ಮರಿಯು ಸತ್ತಿತು. ಅವನು ಅದನ್ನು ಹಿತ್ತಲಿನಲ್ಲಿ ಹೂಳಿ, ಅದರ ಮೇಲೆ ಒಂದು ದಾಸವಾಳದ ಗೆಲ್ಲನ್ನು ನೆಟ್ಟನಂತೆ. ಎರಡು ತಿಂಗಳು ಕಳೆದಿರಬಹುದು. ಒಂದು ಬೆಳಿಗ್ಗೆ ಅವನಿಗೆ ಗಂಜಿಯ ತಿಳಿಯನ್ನು ಕುಡಿಯಲಾಗಲಿಲ್ಲ. ಲೋಟವನ್ನು ಕಂಡರೆ ಗಂಟಲು ಬಿಗಿಯುತ್ತಿದ್ದಿತು. ನಾಲ್ಕನೆಯ ದಿನ ತೀರಿಕೊಂಡನು.

ಮರಿಯು ಕಚ್ಚಿದುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹದಿನಾಲ್ಕು ಸೂಜಿಯ ಭಯವೊಂದು. ಮರಿಯನ್ನು ಹೊರಗೆ ಹಾಕುವರೆಂಬ ಭಯ ಇನ್ನೊಂದು. ಉತ್ತರಕ್ರಿಯೆಗಳು ಮುಗಿದ ಮೇಲೆ ಅವನ ತಂದೆ ನನ್ನನ್ನು ಕಂಡು, “ಮಾಷ್ಟ್ರೇ, ನಿಮ್ಮ ಹತ್ತಿರವಾದರೂ ಅವ ಏನಾದರೂ ಹೇಳಿದ್ದನೇ?” ಎಂದು ಕೇಳಿದರು. ಮುಳ್ಳಿನ ಮಾತನ್ನು ನಾನು ಅವರಿಗೆ ಹೇಳಿದೆನು. ಅವರು ಏನೂ ಅನ್ನಲಿಲ್ಲ. ಸುಶ್ರುತನ ಆ ಅಧ್ಯಾಯವನ್ನು ನಾನು ಅದಾಗಲೇ ಓದಿದ್ದೆನು. ಶ್ಲೋಕಗಳ ಅನ್ವಯವನ್ನು ತಪ್ಪಿಲ್ಲದೆ ಮಾಡಬಲ್ಲವನಾಗಿದ್ದೆನು. ಹುಡುಗನ ಚಿತ್ರಗಳನ್ನು ಕಂಡಿದ್ದೆನು, ಕೈಯ ಬಟ್ಟೆಯನ್ನೂ ಕಂಡಿದ್ದೆನು. ಮೂರನ್ನೂ ಕೂಡಿಸಿ ನೋಡಲಿಲ್ಲ. ಹವ್ಯಾಸವು ಹುಡುಗನಿಗೆ ಸೇರಿದ್ದು, ನಾಯಿಯು ಮನೆಯವರಿಗೆ ಸೇರಿದ್ದು, ಗಾಯವು ವೈದ್ಯರಿಗೆ ಸೇರಿದ್ದು ಎಂದು ವಿಭಾಗಿಸಿಕೊಂಡಿದ್ದ ನನಗೆ ಬರೆಹ ಮಾತ್ರ ಸೇರಿದ್ದೆಂದು ತೋರಿತ್ತು.

ಆ ಬಳಿಕ ಕಾಲವು ಬದಲಾಯಿತು. ಕುರಿಯ ಮೆದುಳಿನ ಲಸಿಕೆಯನ್ನು ತಯಾರಿಸುವುದು ಭಾರತದಲ್ಲಿ 2004ರ ಕೊನೆಗೆ ನಿಂತಿತು. ಈಗಿನ ಲಸಿಕೆಯನ್ನು ತೋಳಿಗೆ ನಾಲ್ಕೈದು ಸಲ ಮಾತ್ರ ಕೊಡುವರು. ಗಾಯವು ಆಳವಾಗಿದ್ದರೆ ಗಾಯದ ಸುತ್ತ ಬೇರೊಂದು ಪ್ರತಿವಿಷವನ್ನೂ ಹಾಕುವರು. ಎಲ್ಲಕ್ಕಿಂತ ಮೊದಲು ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಸಿನ, ಮೆಣಸಿನ ಪುಡಿ ಮುಂತಾದವನ್ನು ಸವರಬಾರದು. ಸಂಶಯದ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ 15 ವರ್ಷಕ್ಕೆ ಕೆಳಗಿನವರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ಆದುದರಿಂದ ಇದು ಮಕ್ಕಳು ಬಾಯಿ ತೆರೆದು ಹೇಳಬೇಕಾದ ರೋಗ.

ಹವ್ಯಾಸವೂ ಆರೋಗ್ಯವೂ ಕೂಡುವ ಬೇರೊಂದು ಎಡೆಯನ್ನು ಹೇಳಿ ಈ ಭಾಗವನ್ನು ಮುಗಿಸುವೆನು. ಚಳಿಜ್ವರವು ಸೊಳ್ಳೆಯಿಂದ ಹರಡುವುದೆಂಬುದರ ಸುಳಿವನ್ನು ರೊನಾಲ್ಡ್ ರಾಸನು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡನು. 1990ರ ಬಳಿಕ ಮಂಗಳೂರಿನಲ್ಲಿ ಎತ್ತರದ ಕಟ್ಟಡಗಳು ಏಳುತ್ತಿದ್ದಂತೆ ಮಲೇರಿಯವು ಮತ್ತೆ ತಲೆಯೆತ್ತಿತು. ಇಲ್ಲಿ ಅದನ್ನು ಹರಡುವ ಸೊಳ್ಳೆಯು ಕೊಳಚೆಯನ್ನು ಬಯಸದೆ ಬಾವಿ, ತೊಟ್ಟಿ, ಮಹಡಿಯ ಮೇಲಣ ಟಾಂಕಿಗಳ ತಿಳಿನೀರಿನಲ್ಲಿ ಮೊಟ್ಟೆಯಿಡುವುದು. ಹೂವಿನ ಕುಂಡದ ತಳದ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಜ್ವರದ ಸೊಳ್ಳೆಗೆ ಸಾಕು. ಹೂಗಿಡದ ಹವ್ಯಾಸವು ಹೀಗೆ ಅಪಾಯಕ್ಕೆ ಎಡೆಗೊಟ್ಟರೆ, ಗಾಜಿನ ತೊಟ್ಟಿಯಲ್ಲಿ ಮಕ್ಕಳು ಸಾಕುವ ಸಣ್ಣ ಗಪ್ಪಿ ಮೀನು ಬಾವಿಗೆ ಬಿಟ್ಟಲ್ಲಿ ಸೊಳ್ಳೆಯ ಮರಿಗಳನ್ನು ತಿಂದು ಉಪಕಾರ ಮಾಡುವುದು. ಮಳೆಗಾಲದ ಇಲಿಜ್ವರವು ಇಲಿಯ ಮೂತ್ರ ಬೆರೆತ ಕೆಸರಿನಿಂದ ಬರಿಗಾಲಿನ ಬಿರುಕಿಗೆ ಸೇರುವುದು. ದನಗಳೂ ನಾಯಿಗಳೂ ಅದನ್ನು ಹೊರಬಲ್ಲವು. 1957ರಲ್ಲಿ ಶಿವಮೊಗ್ಗೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗೊತ್ತಾದ ಮಂಗನ ಕಾಯಿಲೆಯು 1982ರಲ್ಲಿ ನಮ್ಮ ಬೆಳ್ತಂಗಡಿಯ ಸೀಮೆಯಲ್ಲಿಯೂ ಕಾಣಿಸಿತು. ಅದನ್ನು ಹರಡುವ ಉಣ್ಣೆಗಳು ಮೇದು ಬಂದ ದನಗಳ ಮೈಮೇಲೂ ಇರುವುವು.

ಇಲ್ಲಿ ಒಂದು ಪೂರ್ವಪಕ್ಷವು ಹುಟ್ಟಬಹುದು. ಪ್ರಾಣಿಗಳಿಂದ ಇಷ್ಟು ರೋಗಗಳು ಬರುವುದಾದರೆ ಅವುಗಳ ಸಹವಾಸವನ್ನೇ ಬಿಡಬಾರದೇಕೆ? ಮಹಡಿಯ ಮನೆಗಳಿಗೆ ಏರಿದ ಅನೇಕರು ಹಾಗೆ ಬಿಟ್ಟೂ ಇರುವರು. ಆದರೆ ಈ ಪಕ್ಷವು ನಿಲ್ಲಲಾರದು. ಇಲಿಯೂ ಸೊಳ್ಳೆಯೂ ನಮ್ಮ ಅಪ್ಪಣೆ ಕೇಳಿ ಬರುವುದಿಲ್ಲ. ಮನೆಯವರು ಅನ್ನವಿಕ್ಕದೆ ಬಿಟ್ಟ ನಾಯಿಯು ಬೀದಿಯ ನಾಯಿಯಾಗುವುದೇ ಹೊರತು ಇಲ್ಲವಾಗುವುದಿಲ್ಲ. ಮನೆಯಲ್ಲಿದ್ದು ಲಸಿಕೆ ಹಾಕಿಸಿಕೊಂಡ ನಾಯಿಯು ಬೀದಿಯ ನಾಯಿಗಿಂತ ನಿರಪಾಯಕರ. ಮೇಲಾಗಿ, ಮಗುವಿಗೆ ಪ್ರಾಣಿಯ ಮೇಲೆ ಪ್ರೀತಿ ಹುಟ್ಟುವುದನ್ನು ತಡೆಯಲು ಯಾವ ಅಪ್ಪಣೆಯಿಂದಲೂ ಆಗದು. ತಡೆಯಹೊರಟರೆ ಅದು ಸೌದೆಯ ಕೊಟ್ಟಿಗೆಯಲ್ಲಿ ಅಡಗುವುದು. ಅಡಗಿದ ಪ್ರೀತಿಯೇ ಆ ಹುಡುಗನನ್ನು ನುಂಗಿತು. ಅದು ಜಗಲಿಯ ಮೇಲೆ ಎಲ್ಲರೂ ಕಾಣುವಂತೆ ಇದ್ದಿದ್ದರೆ ಅವನು ಬದುಕುತ್ತಿದ್ದನು. ಆ ಕಾಲದ ಮದ್ದು ಕಠಿನವಾದುದಾದರೂ ಊರಿನಲ್ಲಿ ಇದ್ದಿತು. ಅವನಿಗೂ ಮದ್ದಿಗೂ ನಡುವೆ ಇದ್ದುದು ನನ್ನ ತರಗತಿಯೂ ಅವನ ಮನೆಯ ಅಂಗಳವೂ ಮಾತ್ರ.

ಕೂನೂರಿನ ದಾರಿ ದೂರವಾಗಿದ್ದ ಕಾಲದಲ್ಲಿ ದೂರವನ್ನು ದೂರಬಹುದಾಗಿತ್ತು. ಇಂದು ಹಾಗೆ ಹೇಳುವಂತಿಲ್ಲ. ವಿದ್ಯಾವಂತರಾದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಮಕ್ಕಳು ಸಾಕಬಯಸಿದ ಪ್ರಾಣಿಯನ್ನು ಕಣ್ಣಮುಂದೆ ಸಾಕಗೊಡಿರಿ, ಅದಕ್ಕೆ ಹಾಕಿಸಬೇಕಾದ ಲಸಿಕೆಯನ್ನು ಹಾಕಿಸಿರಿ, ಗೀರು ಬಿದ್ದರೂ ಹಲ್ಲು ತಾಗಿದರೂ ಬಂದು ಹೇಳಿದ ಮಗುವನ್ನು ಗದರಿಸದೆ ಮೊದಲು ನಲ್ಲಿಯ ಬಳಿಗೂ ಆಮೇಲೆ ವೈದ್ಯರ ಬಳಿಗೂ ಕರೆದೊಯ್ಯಿರಿ. ಆ ಹುಡುಗನು ಹೋದ ಮೇಲಿನ ಮೂವತ್ತಕ್ಕೆ ಮೀರಿದ ವರ್ಷಗಳಲ್ಲಿ, ನಿವೃತ್ತನಾಗುವವರೆಗೂ, ನಾನು ಪ್ರತಿ ವರ್ಷ ಶಾಲೆ ಆರಂಭವಾದ ವಾರದಲ್ಲಿ ಮಕ್ಕಳನ್ನು ಒಂದು ಪ್ರಶ್ನೆ ಕೇಳುತ್ತಿದ್ದೆನು: ನಿಮ್ಮ ಮನೆಯಲ್ಲಿ ಯಾವ ಪ್ರಾಣಿ ಇದೆ, ಅದರ ಹೆಸರೇನು? ತರಗತಿಯು ಗದ್ದಲವಾಗುತ್ತಿತ್ತು, ಪಾಠವು ಅರ್ಧ ಗಂಟೆ ಹಿಂದೆ ಬೀಳುತ್ತಿತ್ತು. ಆ ವರ್ಷಗಳಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಬಂದ ಮಕ್ಕಳು ಹಲವರಿದ್ದರು. ಹೆಚ್ಚಿನವರಿಗೆ ತಾಗಿದ್ದು ನಿಜವಾಗಿಯೂ ಮುಳ್ಳೇ. ಇಬ್ಬರಿಗೆ ಮಾತ್ರ ಅಲ್ಲ. ಆ ಇಬ್ಬರೂ ಇಂದು ಮಕ್ಕಳೊಂದಿಗರಾಗಿ ಇದೇ ಊರಿನಲ್ಲಿ ಇರುವರು.